ಹೂವೂ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗಲು ಫೋಕಸ್ ಎಲ್ಲಿರಬೇಕು?

ನಿಸರ್ಗದೃಶ್ಯಗಳನ್ನು ಸೆರೆಹಿಡಿಯುವ ಓದುಗರು ಈ ಬಾರಿ ಕಳುಹಿಸಿದ ಪ್ರಶ್ನೆಗಳೆಲ್ಲ ಲೆನ್ಸ್ ಆಯ್ಕೆ ಮತ್ತು ಫೋಕಸ್‌ನ ಸುತ್ತಲೇ ಇವೆ. ಒಂದಕ್ಕೊಂದು ಹೊಂದಿಕೊಂಡಿರುವ ಐದನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಬಳಿ ಇರುವುದು ಕ್ರಾಪ್ ಸೆನ್ಸರ್ (36×24 ಮಿಲಿಮೀಟರ್ ಅಳತೆಯ ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕ ಸೆನ್ಸರ್ ಇರುವ) ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18–55 ಎಂಎಂ ಲೆನ್ಸ್. ಬೆಟ್ಟಸಾಲಿನ ಎದುರು ನಿಂತಾಗ ಕಣ್ಣು ತುಂಬುವ ಭವ್ಯತೆ ಚಿತ್ರದಲ್ಲಿ ಬರುತ್ತಲೇ ಇಲ್ಲ. 10 ಎಂಎಂನಿಂದ ಆರಂಭವಾಗುವ ಅಲ್ಟ್ರಾ ವೈಡ್ ಲೆನ್ಸ್ ಕೊಂಡರೆ ಈ ಕೊರತೆ ನೀಗುತ್ತದೆಯೇ?

ಉತ್ತರ: ನೀವು ಬಯಸುತ್ತಿರುವುದು ಬೆಟ್ಟದ ಭವ್ಯತೆಯಾದರೆ ಕೊರತೆ ನೀಗುವ ಬದಲು ಹೆಚ್ಚಾಗುತ್ತದೆ. ನಿಂತ ಜಾಗ ಬದಲಾಗದೆ ಫೋಕಲ್ ಲೆಂಗ್ತ್ (ದೃಶ್ಯದ ಅಗಲವನ್ನು ತೀರ್ಮಾನಿಸುವ, ಎಂಎಂನಲ್ಲಿ ಹೇಳುವ ಲೆನ್ಸಿನ ಅಳತೆ) ಮಾತ್ರ 18 ಎಂಎಂನಿಂದ 10 ಎಂಎಂಗೆ ಇಳಿದಾಗ, ಚಿತ್ರದಲ್ಲಿ ಬೆಟ್ಟದ ಎತ್ತರವೂ ಅದೇ ಪ್ರಮಾಣದಲ್ಲಿ, ಎಂದರೆ ಅರ್ಧಕ್ಕಿಂತ ತುಸು ಹೆಚ್ಚು ಎನ್ನುವಷ್ಟಕ್ಕೆ, ಕುಗ್ಗುತ್ತದೆ. ಉಳಿದ ಜಾಗವನ್ನು ಆಕಾಶ ಮತ್ತು ಬರಿಯ ನೆಲ ತುಂಬಿಕೊಳ್ಳುತ್ತವೆ.

ಅಲ್ಟ್ರಾ ವೈಡ್ ಲೆನ್ಸಿನ ನಿಜವಾದ ಗುಣ ಕಾಣಬೇಕಾದರೆ ಮುನ್ನೆಲೆಯ ವಸ್ತುವಿನ ಹತ್ತಿರಕ್ಕೆ ಹೋಗಬೇಕು. ಕಾಲ ಬಳಿಯ ಒಂದು ಹೂವಿನ ಗೊಂಚಲನ್ನು 18 ಎಂಎಂನಲ್ಲಿ 90 ಸೆಂಟಿಮೀಟರ್ ದೂರದಿಂದ ತೆಗೆಯುತ್ತಿದ್ದೀರಿ ಎಂದುಕೊಳ್ಳಿ. 10 ಎಂಎಂನಲ್ಲಿ ಅದೇ ಗೊಂಚಲು ಅದೇ ಗಾತ್ರದಲ್ಲಿ ಬರಬೇಕಾದರೆ 50 ಸೆಂಟಿಮೀಟರ್‌ಗೆ ಬರಬೇಕಾಗುತ್ತದೆ. ಆಗ ಹೂವಿನ ಗಾತ್ರ ಹಾಗೆಯೇ ಇರುತ್ತದೆ, ಬೆಟ್ಟ ಮಾತ್ರ ಹಿಂದೆ ಸರಿದು ಸಣ್ಣದಾಗುತ್ತದೆ. ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಗಾತ್ರದ ಅನುಪಾತವನ್ನು ತೀರ್ಮಾನಿಸುವುದು ನೀವು ನಿಂತ ಜಾಗ. ಆ ಜಾಗದಿಂದ ಎಷ್ಟು ಅಗಲದ ದೃಶ್ಯವನ್ನು ಕತ್ತರಿಸಿಕೊಳ್ಳಬೇಕು ಎಂಬುದಷ್ಟೇ ಲೆನ್ಸಿನ ಕೆಲಸ. ಇದು ಮನಸ್ಸಿನಲ್ಲಿ ಗಟ್ಟಿಯಾದರೆ ಲೆನ್ಸ್ ಆಯ್ಕೆಯ ಅರ್ಧ ಗೊಂದಲ ಕರಗುತ್ತದೆ.

ಆದ್ದರಿಂದ ನನ್ನ ಸಲಹೆ ಬೇರೆ. ಬೆಟ್ಟಸಾಲುಗಳ ಮೇಲೆ ಮನಸ್ಸಿರುವವರು ಮೊದಲು ಕೊಳ್ಳಬೇಕಾದದ್ದು 55ರಿಂದ 200 ಎಂಎಂ ಆಸುಪಾಸಿನ ಸಾಧಾರಣ ಟೆಲಿಫೋಟೊ ಜೂಮ್. ದೂರ ನಿಂತು 135 ಎಂಎಂನಲ್ಲಿ ತೆಗೆದಾಗ ಒಂದರ ಹಿಂದೊಂದು ಇರುವ ಸಾಲುಗಳು ಪದರ ಪದರವಾಗಿ ಹತ್ತಿರ ಬಂದು ನಿಲ್ಲುತ್ತವೆ. ಕಣ್ಣಿಗೆ ಕಂಡಿದ್ದ ಭವ್ಯತೆ ಹೆಚ್ಚಾಗಿ ಸಿಕ್ಕುವುದು ಇಲ್ಲಿಯೇ. ಆದರೆ ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಗಾಳಿಯ ಅಲುಗಾಟ ಇಂಥ ಲೆನ್ಸಿನಲ್ಲಿ ಎದ್ದು ಕಾಣುತ್ತದೆ. ಎಷ್ಟೇ ಎಚ್ಚರಿಕೆಯಿಂದ ಫೋಕಸ್ ಮಾಡಿದರೂ ಆ ಮಸುಕು ಹೋಗುವುದಿಲ್ಲ. ಬೆಳಗಿನ ತಂಪು ಹೊತ್ತನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ನನ್ನದು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ. 24 ಎಂಎಂ ಲೆನ್ಸಿನಲ್ಲಿ ಅಪರ್ಚರನ್ನು (ಬೆಳಕು ಹಾಯುವ ರಂಧ್ರವನ್ನು; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಸಣ್ಣದು) ಎಫ್/8ಕ್ಕೆ ಇಟ್ಟು, ಮೊಬೈಲ್ ಆ್ಯಪ್ ತೋರಿಸಿದ ಹೈಪರ್‌ಫೋಕಲ್ ದೂರವಾದ (ಅನಂತದವರೆಗೂ ಸ್ಪಷ್ಟತೆ ಸಿಗುವ ಅತಿ ಹತ್ತಿರದ ಫೋಕಸ್ ದೂರವಾದ) 2.4 ಮೀಟರ್‌ಗೆ ಸರಿಯಾಗಿ ಫೋಕಸ್ ಮಾಡುತ್ತೇನೆ. 1.2 ಮೀಟರ್‌ನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ ಎಂದು ಆ್ಯಪ್ ಹೇಳುತ್ತದೆ. ಆದರೆ ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ನೋಡಿದರೆ ದೂರದ ಬೆಟ್ಟದ ಮರಗಳು ಮಸುಕಾಗಿರುತ್ತವೆ. ದೋಷ ಲೆನ್ಸಿನದೇ?

ಉತ್ತರ: ಲೆನ್ಸಿನ ದೋಷವಲ್ಲ, ನಿಮ್ಮದೂ ಅಲ್ಲ. ಆ್ಯಪ್ ಮಾಡಿದ ಲೆಕ್ಕವೂ ಸರಿಯಾಗಿಯೇ ಇದೆ. ತೊಡಕು ಇರುವುದು ‘ಸ್ಪಷ್ಟ’ ಎಂಬ ಮಾತಿಗೆ ಆ ಲೆಕ್ಕ ಕೊಟ್ಟಿರುವ ಅರ್ಥದಲ್ಲಿ.

ಹೈಪರ್‌ಫೋಕಲ್ ದೂರ ಪಡೆಯಲು ಫೋಕಲ್ ಲೆಂಗ್ತ್‌ನ ವರ್ಗವನ್ನು, ಎಫ್ ಸಂಖ್ಯೆ ಮತ್ತು ಒಪ್ಪಬಹುದಾದ ಮಸುಕಿನ ಅಳತೆಯ ಗುಣಲಬ್ಧದಿಂದ ಭಾಗಿಸುತ್ತಾರೆ. ಫುಲ್ ಫ್ರೇಮ್‌ಗೆ ಆ ಮಸುಕಿನ ಅಳತೆ ಎಂದು ಬಹುಕಾಲದಿಂದ ಹಿಡಿದುಕೊಂಡು ಬಂದಿರುವುದು 0.03 ಮಿಲಿಮೀಟರ್. 24ರ ವರ್ಗ 576. ಅದನ್ನು 8 ಮತ್ತು 0.03ರ ಗುಣಲಬ್ಧವಾದ 0.24ರಿಂದ ಭಾಗಿಸಿದರೆ 2400 ಮಿಲಿಮೀಟರ್, ಎಂದರೆ ನಿಮ್ಮ 2.4 ಮೀಟರ್. ಈ 0.03 ಬಂದದ್ದು 8×10 ಇಂಚಿನ ಆಸುಪಾಸಿನ ಮುದ್ರಿತ ಚಿತ್ರವನ್ನು ಪುಸ್ತಕ ಓದುವಷ್ಟು ದೂರದಲ್ಲಿ ಹಿಡಿದು ನೋಡುವವರ ಕಣ್ಣನ್ನು ಲೆಕ್ಕಕ್ಕಿಟ್ಟುಕೊಂಡು. ಅಷ್ಟು ಮಸುಕು ಆ ಕಣ್ಣಿಗೆ ಚುಕ್ಕೆಯಂತೆಯೇ ಕಾಣುತ್ತದೆ. ನೀವೋ ಕಂಪ್ಯೂಟರ್‌ನಲ್ಲಿ ಒಂದೊಂದು ಪಿಕ್ಸೆಲ್ ಕಾಣುವಷ್ಟು ಹಿಗ್ಗಿಸಿ ನೋಡುತ್ತಿದ್ದೀರಿ. ನಿಮ್ಮ ಸೆನ್ಸರಿನ 36 ಮಿಲಿಮೀಟರ್ ಅಗಲದಲ್ಲಿ 6000 ಪಿಕ್ಸೆಲ್‌ಗಳಿವೆ, ಒಂದೊಂದರ ಅಗಲ 0.006 ಮಿಲಿಮೀಟರ್. ಲೆಕ್ಕ ಒಪ್ಪಿಕೊಂಡ ಮಸುಕು ಐದು ಪಿಕ್ಸೆಲ್‌ಗಳಷ್ಟು ಅಗಲವಾಗಿದೆ ಎಂದಾಯಿತು. ಬೆಟ್ಟದ ಮೇಲಿನ ಒಂದು ಮರ ನಿಮ್ಮ ಚಿತ್ರದಲ್ಲಿ ಹತ್ತು ಹದಿನೈದು ಪಿಕ್ಸೆಲ್ ಎತ್ತರವಿದ್ದರೆ ಅದು ಹತ್ತಿಯ ಉಂಡೆಯಂತೆ ಕಾಣದೆ ಇನ್ನೇನು?

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಹೈಪರ್‌ಫೋಕಲ್ ದೂರಕ್ಕೆ ಫೋಕಸ್ ಮಾಡಿದಾಗ ಅನಂತದಲ್ಲಿರುವ ಎಲ್ಲವೂ ಒಪ್ಪಿತ ಮಸುಕಿನ ಕಟ್ಟಕಡೆಯ ಅಂಚಿನಲ್ಲಿರುತ್ತದೆ. ನಿಸರ್ಗದೃಶ್ಯದಲ್ಲಿ ಕಣ್ಣು ಅತಿ ಸಣ್ಣ ವಿವರವನ್ನು ಹುಡುಕುವುದು ದೂರದಲ್ಲಿಯೇ. ಹತ್ತಿರದ ಬಂಡೆ ಚಿತ್ರದಲ್ಲಿ ದೊಡ್ಡದಾಗಿ ಬರುವುದರಿಂದ ಅದರ ಮೇಲಿನ ಪಾಚಿ ತುಸು ಮೃದುವಾದರೂ ಬಂಡೆ ಬಂಡೆಯಾಗಿಯೇ ಉಳಿಯುತ್ತದೆ. ದೂರದ ಮರಕ್ಕೆ ಬಿಟ್ಟುಕೊಡಲು ಅಂಥ ಹೆಚ್ಚುವರಿ ವಿವರವೇ ಇಲ್ಲ. ಹಾಗಾಗಿ ಸಂದೇಹ ಬಂದಾಗ ಆ್ಯಪ್ ಹೇಳಿದ್ದಕ್ಕಿಂತ ದೂರಕ್ಕೇ ಫೋಕಸ್ ಮಾಡಿ, ಹತ್ತಿರಕ್ಕೆ ಮಾತ್ರ ತರಬೇಡಿ.

ಎಷ್ಟು ದೂರಕ್ಕೆ ಎಂದರೆ, ಎಫ್/11ರಲ್ಲಿ ಚಿತ್ರ ತೆಗೆಯುವಾಗ ಎಫ್/5.6ರ ಹೈಪರ್‌ಫೋಕಲ್ ದೂರವನ್ನು ಬಳಸಿ. ನಿಮ್ಮ 24 ಎಂಎಂಗೆ ಅದು ಸುಮಾರು 3.5 ಮೀಟರ್. ಆಗ ಅನಂತದ ಮಸುಕು 0.015 ಮಿಲಿಮೀಟರ್‌ಗೆ, ಎಂದರೆ ಮೊದಲಿನ ಅರ್ಧಕ್ಕೆ ಇಳಿಯುತ್ತದೆ. ಅಷ್ಟೇ ಸ್ಪಷ್ಟತೆ ಹತ್ತಿರದಲ್ಲಿ ಸುಮಾರು 1.7 ಮೀಟರ್‌ನಿಂದ ಸಿಗುತ್ತದೆ. ಅರ್ಧ ಮೀಟರ್‌ನಷ್ಟು ಮುನ್ನೆಲೆಯನ್ನು ಬಿಟ್ಟುಕೊಟ್ಟಂತಾಯಿತು, ನಿಜ. ಒಂದು ಹೆಜ್ಜೆ ಹಿಂದೆ ಸರಿದರೆ ಅದೂ ಸರಿಹೋಗುತ್ತದೆ.

ಆ್ಯಪ್ ಬೇಡವೆನ್ನುವವರಿಗೆ ಇದಕ್ಕಿಂತ ಸುಲಭವಾದ ದಾರಿಯೂ ಉಂಟು. ಸ್ಪಷ್ಟವಾಗಲೇಬೇಕಾದ ಅತ್ಯಂತ ಹತ್ತಿರದ ವಸ್ತುವನ್ನು ಗುರುತಿಸಿ, ಅದು ಎಷ್ಟು ದೂರದಲ್ಲಿದೆಯೋ ಅದರ ಎರಡರಷ್ಟು ದೂರಕ್ಕೆ ಫೋಕಸ್ ಮಾಡಿ. ಹೂವು 2 ಮೀಟರ್‌ನಲ್ಲಿದ್ದರೆ ಫೋಕಸ್ 4 ಮೀಟರ್‌ಗೆ. ಹೀಗೆ ಮಾಡಿದಾಗ ಹೂವಿನ ಮೇಲೂ ಬೆಟ್ಟದ ಮೇಲೂ ಬೀಳುವ ಮಸುಕು ಸಮನಾಗಿರುತ್ತದೆ. ಫೋಕಲ್ ಲೆಂಗ್ತ್ ಯಾವುದಿದ್ದರೂ ಈ ನಿಯಮ ನಡೆಯುತ್ತದೆ. ಆ ಮಸುಕನ್ನು ಕಡಿಮೆ ಮಾಡುವುದು ಅಪರ್ಚರಿನ ಕೆಲಸ.

ಮುನ್ನೆಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲದಿದ್ದರೆ ಇಷ್ಟೆಲ್ಲ ಲೆಕ್ಕ ಬೇಕಿಲ್ಲ, ನೇರವಾಗಿ ದೂರದ ಬೆಟ್ಟಕ್ಕೇ ಫೋಕಸ್ ಮಾಡಿ. ಅನಂತಕ್ಕೆ ಫೋಕಸ್ ಮಾಡಿದ ಲೆನ್ಸಿನಲ್ಲಿ ಯಾವ ದೂರದ ವಸ್ತುವಿನ ಮೇಲಾದರೂ ಬೀಳುವ ಮಸುಕಿನ ಅಗಲ, ಆ ವಸ್ತುವಿನ ಮೇಲೆಯೇ ಅಳೆದರೆ, ಅಪರ್ಚರಿನ ವ್ಯಾಸದಷ್ಟೇ ಇರುತ್ತದೆ. 24 ಎಂಎಂನಲ್ಲಿ ಎಫ್/8 ಇಟ್ಟರೆ ಆ ವ್ಯಾಸ 24ರ ಎಂಟನೇ ಒಂದು ಭಾಗ, ಎಂದರೆ 3 ಮಿಲಿಮೀಟರ್. ಹುಲ್ಲಿನ ಎಸಳು ಕರಗಬಹುದು, ಆದರೆ ಅಂಗೈಯಗಲದ ಕಲ್ಲು ಕಲ್ಲಾಗಿಯೇ ಕಾಣುತ್ತದೆ. ಅನಂತಕ್ಕೆ ಫೋಕಸ್ ಮಾಡಿದರೆ ಮುನ್ನೆಲೆ ಪೂರ್ತಿ ಹಾಳಾಗುತ್ತದೆ ಎಂಬ ಭಯಕ್ಕೆ ಆಧಾರ ತೀರಾ ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ.

ಪ್ರಶ್ನೆ: ಎಲ್ಲವೂ ಸ್ಪಷ್ಟವಾಗಲಿ ಎಂದು ನಾನು ಸದಾ ಎಫ್/22 ಬಳಸುತ್ತೇನೆ. ಹಿಂದಿನ ದೊಡ್ಡ ಛಾಯಾಗ್ರಾಹಕರು ಎಫ್/64 ಬಳಸುತ್ತಿದ್ದರಂತೆ. ನಾನು ಮಾಡುತ್ತಿರುವುದು ಸರಿಯಲ್ಲವೇ?

ಉತ್ತರ: ಅವರ ಕ್ಯಾಮೆರಾಕ್ಕೆ ಅದು ಸರಿಯಾಗಿತ್ತು, ನಿಮ್ಮದಕ್ಕೆ ಸರಿಯಲ್ಲ. ಬೆಳಕು ಸಣ್ಣ ರಂಧ್ರದ ಮೂಲಕ ಹಾಯುವಾಗ ಹರಡಿಕೊಳ್ಳುತ್ತದೆ. ವಿವರ್ತನೆ ಎಂದು ಕರೆಯುವುದು ಇದನ್ನೇ. ಇದರಿಂದಾಗಿ ಎಂಥ ಉತ್ತಮ ಲೆನ್ಸಿನಲ್ಲೂ ಒಂದು ಬಿಂದು ಪುಟ್ಟ ತಟ್ಟೆಯಾಗಿ ಮೂಡುತ್ತದೆ. ಹಸಿರು ಬೆಳಕಿಗೆ ಆ ತಟ್ಟೆಯ ವ್ಯಾಸ ಎಫ್/8ರಲ್ಲಿ ಸುಮಾರು 0.011 ಮಿಲಿಮೀಟರ್, ಎಫ್/22ರಲ್ಲಿ ಸುಮಾರು 0.03 ಮಿಲಿಮೀಟರ್. ಮೇಲಿನ ಉತ್ತರದಲ್ಲಿ ಬಂದ ಹಳೆಯ ಮಸುಕಿನ ಅಳತೆಯೂ 0.03 ಎಂಬುದನ್ನು ಗಮನಿಸಿ. ವ್ಯತ್ಯಾಸವೆಂದರೆ ಫೋಕಸ್ ತಪ್ಪಿದ ಮಸುಕು ಚಿತ್ರದ ಒಂದು ಭಾಗಕ್ಕೆ ಮಾತ್ರ ಬೀಳುತ್ತದೆ, ವಿವರ್ತನೆಯ ಮಸುಕು ಫೋಕಸ್ ಮಾಡಿದ ಜಾಗವನ್ನೂ ಬಿಡದೆ ಇಡೀ ಚಿತ್ರವನ್ನು ಆವರಿಸುತ್ತದೆ.

1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ್ಯನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಸೇರಿ ಎಫ್/64 ಎಂಬ ಹೆಸರಿನಲ್ಲೇ ಒಂದು ಗುಂಪು ಕಟ್ಟಿದ್ದು ನಿಜ. ಅವರು ಬಳಸುತ್ತಿದ್ದುದು ದೊಡ್ಡ ಅಳತೆಯ ಫಿಲ್ಮ್. ವೆಸ್ಟನ್ ತಮ್ಮ 8×10 ಇಂಚಿನ ನೆಗೆಟಿವ್ ಅನ್ನು ಕಾಗದದ ಮೇಲೆ ನೇರವಾಗಿಟ್ಟು ಅಷ್ಟೇ ಅಳತೆಯ ಚಿತ್ರ ಮಾಡುತ್ತಿದ್ದರು. ಹಿಗ್ಗಿಸುವ ಮಾತೇ ಇರಲಿಲ್ಲ. ಫುಲ್ ಫ್ರೇಮ್ ಸೆನ್ಸರಿನ ಚಿತ್ರವನ್ನು ಅದೇ ಅಳತೆಗೆ ತರಬೇಕಾದರೆ ಏಳೆಂಟು ಪಟ್ಟು ಹಿಗ್ಗಿಸಬೇಕು, ಅದರೊಂದಿಗೆ ಮಸುಕೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಫುಲ್ ಫ್ರೇಮ್‌ನಲ್ಲಿ ಎಫ್/8ರಿಂದ ಎಫ್/11, ಕ್ರಾಪ್ ಸೆನ್ಸರಿನಲ್ಲಿ ಎಫ್/5.6ರಿಂದ ಎಫ್/8 ನಿಮ್ಮ ನೆಲೆಯಾಗಿರಲಿ. ಮುನ್ನೆಲೆ ತೀರಾ ಹತ್ತಿರವಿದ್ದಾಗ ಎಫ್/16ಕ್ಕೆ ಹೋದರೆ ತಪ್ಪಿಲ್ಲ.

ಪ್ರಶ್ನೆ: ಫೋಕಸ್ ರಿಂಗನ್ನು ಅನಂತದ ಚಿಹ್ನೆಯ ಕಡೆಗೆ ಕೊನೆಯವರೆಗೆ ತಿರುಗಿಸಿದರೂ ದೂರದ ದೃಶ್ಯ ಸ್ಪಷ್ಟವಾಗುತ್ತಿಲ್ಲ. ಏಕೆ?

ಉತ್ತರ: ಆಟೊಫೋಕಸ್ ಲೆನ್ಸುಗಳಲ್ಲಿ ರಿಂಗು ಸಾಮಾನ್ಯವಾಗಿ ಅನಂತವನ್ನು ದಾಟಿಯೂ ತಿರುಗುತ್ತದೆ. ಬಿಸಿಲು ಚಳಿಗೆ ಲೆನ್ಸಿನ ಭಾಗಗಳು ಹಿಗ್ಗಿ ಕುಗ್ಗಿದಾಗ ಫೋಕಸ್ ಬಿಂದು ಸರಿಯುವುದರಿಂದ ತಯಾರಕರು ಆ ಸ್ವಲ್ಪ ಜಾಗವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆದ್ದರಿಂದ ಕೊನೆಯವರೆಗೆ ತಿರುಗಿಸುವುದನ್ನು ಬಿಟ್ಟು ಕಣ್ಣನ್ನೇ ನಂಬಿ.

ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯ ಮೇಲೆ ದೃಶ್ಯವನ್ನು ನೇರವಾಗಿ ತೋರಿಸುವ ವ್ಯವಸ್ಥೆಯಲ್ಲಿ) ಬೆಟ್ಟದ ನೆತ್ತಿಯ ಅಂಚನ್ನು ಹತ್ತು ಪಟ್ಟು ಹಿಗ್ಗಿಸಿಕೊಳ್ಳಿ. ಆಕಾಶಕ್ಕೆ ಎದುರಾಗಿ ನಿಂತ ಒಂದು ಒಣಮರವನ್ನು ಹುಡುಕಿ, ರಿಂಗನ್ನು ಕೂದಲೆಳೆಯಷ್ಟು ಮೆಲ್ಲಗೆ ತಿರುಗಿಸಿ. ಮೊದಲು ಕೊಂಬೆಗಳೆಲ್ಲ ಬೂದುಬಣ್ಣದ ಒಂದೇ ಮುದ್ದೆಯಾಗಿರುತ್ತವೆ. ಆಮೇಲೆ ಅವುಗಳ ನಡುವೆ ಆಕಾಶದ ಚೂರುಗಳು ಇಣುಕತೊಡಗುತ್ತವೆ. ಒಂದು ಹಂತದಲ್ಲಿ ಕೊಂಬೆ ಕಪ್ಪಾಗಿ, ತೆಳ್ಳಗೆ, ಬಿಡಿಬಿಡಿಯಾಗಿ ನಿಲ್ಲುತ್ತದೆ. ಬೇಕೆಂದೇ ಆ ಹಂತವನ್ನು ದಾಟಿ, ಮಸುಕಾದ ಮೇಲೆ ಹಿಂದಕ್ಕೆ ಬನ್ನಿ. ಹೀಗೆ ಎರಡು ಮೂರು ಬಾರಿ ಹೋಗಿ ಬಂದರೆ ಸರಿಯಾದ ಜಾಗ ಕೈಗೇ ಗೊತ್ತಾಗುತ್ತದೆ.

ಆಟೊಫೋಕಸ್ ಬಳಸುವವರು ಕ್ಯಾಮೆರಾ ತಾನೇ ಬಿಂದು ಆರಿಸುವ ವ್ಯವಸ್ಥೆಯನ್ನು ತೆಗೆದು, ಒಂದೇ ಬಿಂದುವನ್ನು ಬೇಕಾದ ಕಡೆ ಇಟ್ಟು ಫೋಕಸ್ ಮಾಡಲಿ. ಬಳಿಕ ಮ್ಯಾನುವಲ್‌ಗೆ ಬದಲಾಯಿಸಲಿ, ಇಲ್ಲದಿದ್ದರೆ ಷಟರ್ ಒತ್ತಿದಾಗ ಕ್ಯಾಮೆರಾ ಮತ್ತೆ ಹುಡುಕಾಟಕ್ಕೆ ಹೊರಡುತ್ತದೆ. ಜೂಮ್ ಬದಲಾಯಿಸಿದರೆ ಮತ್ತೆ ಫೋಕಸ್ ಮಾಡಲೇಬೇಕು, ಏಕೆಂದರೆ ಬಹಳಷ್ಟು ಜೂಮ್ ಲೆನ್ಸುಗಳಲ್ಲಿ ಅದು ಜಾರುತ್ತದೆ. ಒಮ್ಮೆ ಇಡೀ ಬೆಳಗು ನಾನು 24 ಎಂಎಂನಲ್ಲಿ ಫೋಕಸ್ ಮಾಡಿ, ಚೌಕಟ್ಟು ಬಿಗಿಯಾಗಲೆಂದು 35ಕ್ಕೆ ತಂದು ತೆಗೆದ ಚಿತ್ರಗಳಲ್ಲಿ ಒಂದೂ ಉಳಿಯಲಿಲ್ಲ. ಆ ಬೆಳಕು ಮತ್ತೆ ಸಿಗಲಿಲ್ಲ ಎಂಬ ಬೇಸರ ಇಂದಿಗೂ ಇದೆ.

ಪ್ರಶ್ನೆ: ಅರ್ಧ ಮೀಟರ್ ದೂರದ ಹೂವಿನಿಂದ ಬೆಟ್ಟದವರೆಗೆ ಎಲ್ಲವನ್ನೂ ಸ್ಪಷ್ಟವಾಗಿ ಪಡೆಯುವುದು ಸಾಧ್ಯವೇ?

ಉತ್ತರ: ಒಂದೇ ಚಿತ್ರದಲ್ಲಿ ಕಷ್ಟ. ಎಫ್/8ರಲ್ಲಿ ಹೂವಿಗೊಂದು, ನಡುನೆಲಕ್ಕೊಂದೆರಡು, ಬೆಟ್ಟಕ್ಕೊಂದು ಎಂದು ಫೋಕಸ್ ಮಾತ್ರ ಬದಲಾಯಿಸುತ್ತಾ ಮೂರು ನಾಲ್ಕು ಚಿತ್ರ ತೆಗೆದು, ನಂತರ ಸಾಫ್ಟ್‌ವೇರ್‌ನಲ್ಲಿ ಸೇರಿಸಬಹುದು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಮ್ಯಾನುವಲ್‌ನಲ್ಲಿ ಕಟ್ಟಿಹಾಕಿ. ಗಾಳಿಗೆ ಹೂವು ತೂಗುತ್ತಿದ್ದರೆ ಈ ಉಪಾಯ ನಡೆಯದು. ಪ್ರತಿ ಚಿತ್ರದಲ್ಲೂ ಹೂವು ಬೇರೆ ಬೇರೆ ಜಾಗದಲ್ಲಿದ್ದು, ಸೇರಿಸಿದಾಗ ಎಸಳಿನ ಸುತ್ತ ನೆರಳಿನಂಥ ಅಂಚು ಉಳಿಯುತ್ತದೆ. ಗಾಳಿ ನಿಲ್ಲುವ ಕ್ಷಣಕ್ಕೆ ಕಾಯಿರಿ. ಅದು ನಿಲ್ಲದಿದ್ದರೆ, ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು ಸೂಚಿಸುವ ಐಎಸ್‌ಒ 800ಕ್ಕೆ ಏರಿಸಿ, ಷಟರ್ ವೇಗವನ್ನು ಸೆಕೆಂಡಿನ 250ನೇ ಒಂದು ಭಾಗದ ಆಸುಪಾಸಿಗೆ ತಂದು, ಒಂದು ಮೀಟರ್ ಹಿಂದೆ ಸರಿದು ಒಂದೇ ಚಿತ್ರ ತೆಗೆಯಿರಿ.