ಮುಳ್ಳುತಂತಿಯ ಒಳಗಿನ ಹತ್ತು ದಿನ

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ಸಾಂಕ್ರಾಮಿಕ ರೋಗ ಬಂದಾಗ ಜನಕ್ಕೆ ತಿಳಿ ಹೇಳುತ್ತ ಕೂತರೆ ಊರು ಉಳಿಯುವುದಿಲ್ಲ. ಮೊದಲ ದಿನವೇ ಮಿಲಿಟರಿ ಇಳಿಸಬೇಕು. ಲೈಬೀರಿಯಾದಲ್ಲಿ ಎಬೋಲಾವನ್ನು ಹತೋಟಿಗೆ ತಂದದ್ದು ಅಮೆರಿಕದ ಸೇನೆ ತಾನೇ?’

ನಿಮ್ಮ ಕಳವಳ ಪ್ರಾಮಾಣಿಕವಾದದ್ದು. ಆದರೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಕಥೆ ಬೇರೆಯೇ ಇದೆ, ಸ್ವಾಮಿ. ಸುಮಾರು 3,000 ಸೈನಿಕರನ್ನು ಕಳಿಸುವುದಾಗಿ ಒಬಾಮಾ ಹೇಳಿದ್ದು 2014ರ ಸೆಪ್ಟೆಂಬರ್ 16ರಂದು. ಅವರು ಕಟ್ಟಿದ ಮೊದಲ ಚಿಕಿತ್ಸಾ ಕೇಂದ್ರ ಬಾಗಿಲು ತೆರೆಯುವಾಗ ನವೆಂಬರ್ ಬಂದಿತ್ತು, ರೋಗ ಇಳಿಮುಖವಾಗಿತ್ತು. ಕಟ್ಟಿದ 11 ಕೇಂದ್ರಗಳಲ್ಲಿ ಒಟ್ಟು ಚಿಕಿತ್ಸೆ ಪಡೆದ ಎಬೋಲಾ ರೋಗಿಗಳು 28 ಮಂದಿ. ಒಂಬತ್ತು ಕೇಂದ್ರಗಳಿಗೆ ಒಬ್ಬ ಎಬೋಲಾ ರೋಗಿಯೂ ಬರಲಿಲ್ಲ.

ಅದಕ್ಕೂ ಮೊದಲು ಆ ದೇಶದ್ದೇ ಸೇನೆ ಏನು ಮಾಡಿತ್ತು ನೋಡಿ. ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒತ್ತೊತ್ತಾಗಿ ಬದುಕುವ, ಸಮುದ್ರಕ್ಕೆ ಚಾಚಿದ ಕೊಳೆಗೇರಿ. ಆಗಸ್ಟ್ 20ರ ಬೆಳಗ್ಗೆ ಜನ ಎದ್ದು ನೋಡಿದರೆ ಸುತ್ತ ಮುಳ್ಳುತಂತಿ, ಬಂದೂಕು. ಗಲಾಟೆಯಾಯಿತು, ಗುಂಡು ಹಾರಿತು. ಕಾಲಿಗೆ ಪೆಟ್ಟುಬಿದ್ದ ಹದಿನೈದು ವರ್ಷದ ಹುಡುಗ ಉಳಿಯಲಿಲ್ಲ. ಒಳಗೆ ಊಟದ ಸಾಮಾನಿನ ಬೆಲೆ ಏರಿತು. ಕಾವಲಿನವರ ಕೈ ಬೆಚ್ಚಗೆ ಮಾಡಿ ಹೊರಬಿದ್ದವರೂ ಇದ್ದರು. 21 ದಿನಕ್ಕೆಂದು ಹಾಕಿದ ದಿಗ್ಬಂಧನವನ್ನು ಹತ್ತೇ ದಿನಕ್ಕೆ ತೆಗೆಯಬೇಕಾಯಿತು. ಆ ಹುಡುಗನ ನೆನಪಾದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ನಮ್ಮ ಪಕ್ಕದ ಪುಣೆಯಲ್ಲೂ 1897ರಲ್ಲಿ ಹೀಗೇ ಆಗಿತ್ತು. ಪ್ಲೇಗ್ ರೋಗಿಗಳನ್ನು ಹುಡುಕಲು ರ‍್ಯಾಂಡ್ ಎಂಬ ಅಧಿಕಾರಿ ಬಿಳಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ಜನ ರೋಗಿಗಳನ್ನೇ ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು.

ವೆಸ್ಟ್ ಪಾಯಿಂಟ್‌ನಲ್ಲಿ ತಂತಿ ಹೋದ ಮೇಲೆ ಅಲ್ಲಿನವರೇ ಮನೆಮನೆ ತಿರುಗಿ ಜ್ವರ ಬಂದವರನ್ನೂ ಸತ್ತವರನ್ನೂ ಬರೆದುಕೊಂಡರು. ಜತೆಗೆ ನಿಂತವರು ಬಾಲ್ಯವನ್ನು ಅಂಥದೇ ಬಡತನದಲ್ಲಿ ಕಳೆದ ಸಾಂಕ್ರಾಮಿಕ ರೋಗತಜ್ಞ ಮೊಸೊಕಾ ಫಲ್ಲಾ. ಬಂದವರು ಪಕ್ಕದ ಓಣಿಯ ಹುಡುಗರಾದ್ದರಿಂದ ಜನ ಬಾಗಿಲು ತೆರೆದರು. ಶವಸಂಸ್ಕಾರದ್ದೂ ಇದೇ ಕಥೆ. ಎಬೋಲಾದಲ್ಲಿ ಸತ್ತವರ ಮೈಯೇ ಅತ್ಯಂತ ಅಪಾಯಕಾರಿ; ಹೆಣ ತೊಳೆಯುವುದು ಅಲ್ಲಿನ ಸಂಪ್ರದಾಯ. ಸರ್ಕಾರ ಸುಡಲು ಆಜ್ಞೆ ಮಾಡಿತು. ಹೂಳುವ ಸಂಪ್ರದಾಯದ ಜನಕ್ಕೆ ಅದು ಸತ್ತವರಿಗೆ ಮಾಡುವ ಅವಮಾನವೆನಿಸಿತು, ಹೆಣಗಳನ್ನು ಮರೆಮಾಚಿದರು. ಡಿಸೆಂಬರ್‌ನಲ್ಲಿ ಡಿಸ್ಕೋ ಹಿಲ್ ಎಂಬಲ್ಲಿ ಹೂಳುವ ಜಾಗ ಸಿಕ್ಕಿತು. ಮನೆಯವರು ಸ್ವಲ್ಪ ದೂರ ನಿಂತು ಪ್ರಾರ್ಥಿಸಬಹುದಿತ್ತು. ತಮ್ಮವರ ಗೋರಿ ಎಲ್ಲಿದೆ ಎಂಬುದಾದರೂ ತಿಳಿದಿರುತ್ತಿತ್ತು.

ಹಾಗಾದರೆ ಸೇನೆಗೆ ಕೆಲಸವೇ ಇಲ್ಲವೇ? ಇದೆ. ಅಮೆರಿಕದವರು ತಂದ ಪ್ರಯೋಗಾಲಯಗಳು, ಸಾಮಾನು ಸಾಗಿಸಿದ ವಿಮಾನಗಳು, ಆರೋಗ್ಯ ಸಿಬ್ಬಂದಿಗೆ ಕೊಟ್ಟ ತರಬೇತಿ ನಿಜಕ್ಕೂ ಉಪಯೋಗಕ್ಕೆ ಬಂದವು. ಗಡಿಗಳಿಲ್ಲದ ವೈದ್ಯರು ಸಂಸ್ಥೆಯ ಆಗಿನ ಅಧ್ಯಕ್ಷೆ ಜೊವಾನ್ ಲಿಯು ತಾವೇ ವಿಶ್ವಸಂಸ್ಥೆಯ ಮುಂದೆ ನಿಂತು ಮಿಲಿಟರಿಯ ನೆರವು ಕೇಳಿದ್ದರು. ಆದರೆ ಆ ಸೈನಿಕರನ್ನು ದಿಗ್ಬಂಧನಕ್ಕೂ ಗುಂಪು ಚದುರಿಸುವುದಕ್ಕೂ ಬಳಸಬಾರದು ಎಂದು ಅದೇ ಭಾಷಣದಲ್ಲಿ ಹೇಳಿದರು. ಅದು 2014ರ ಸೆಪ್ಟೆಂಬರ್ 2. ವೆಸ್ಟ್ ಪಾಯಿಂಟ್‌ನ ಮುಳ್ಳುತಂತಿ ಕಿತ್ತು ಮೂರೇ ದಿನವಾಗಿತ್ತು.

— ಸಂಪಾದಕ