ಒಂದೇ ಎರರ್‌ಗೆ ಗಿಟ್‌ಹಬ್‌ನಲ್ಲಿ ರಾಶಿ ಇಶ್ಯೂ ಯಾಕೆ ತೆರೆದುಕೊಳ್ಳುತ್ತವೆ?

ಮಾನಿಟರಿಂಗ್ ಅಲರ್ಟ್‌ಗಳನ್ನು, ಅಂದರೆ ಸಿಸ್ಟಮ್ ಮೇಲೆ ಕಣ್ಣಿಟ್ಟ ಟೂಲ್ ಕಳಿಸುವ ಎಚ್ಚರಿಕೆಗಳನ್ನು, ಗಿಟ್‌ಹಬ್‌ನಲ್ಲಿ ಕೋಡ್ ಇಡುವ ರೆಪೊಸಿಟರಿಗೆ ಜೋಡಿಸಿದ ಮೇಲೆ ಹೀಗಾಗುತ್ತಿದ್ದರೆ, ನಡುವೆ ಇರುವ ಸ್ಕ್ರಿಪ್ಟ್ ಬಂದ ಪ್ರತಿ ಅಲರ್ಟ್‌ಗೂ ಹೊಸ ಇಶ್ಯೂ (ತೊಂದರೆ ಬರೆದಿಡುವ ದಾಖಲೆ) ತೆರೆಯುತ್ತಿದೆ ಅಂತ ಅರ್ಥ. ಈ ತೊಂದರೆಗೆ ಆಗಲೇ ಒಂದು ಇಶ್ಯೂ ಇದೆಯಾ ಅಂತ ಅದು ನೋಡುತ್ತಲೇ ಇಲ್ಲ.

ಅಲರ್ಟ್ ಒಂದೇ ಸಲ ಬಂದು ಸುಮ್ಮನಾಗುವುದಿಲ್ಲ ಅಲ್ವಾ? ಪ್ರೊಮಿಥಿಯಸ್ ಅನ್ನುವ ಮಾನಿಟರಿಂಗ್ ಟೂಲ್ ಜೊತೆ ಬಳಸುವ ಅಲರ್ಟ್‌ಮ್ಯಾನೇಜರ್ ತೊಂದರೆ ಸರಿಹೋಗುವ ತನಕ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ 4 ಗಂಟೆಗೊಮ್ಮೆ. ಶುಕ್ರವಾರ ಸಂಜೆ ಡಿಸ್ಕ್ ತುಂಬಿತು ಅಂದುಕೊಳ್ಳಿ. ಸೋಮವಾರ ಬೆಳಗ್ಗೆ ಸುಮಾರು 15 ಇಶ್ಯೂ ಕಾದು ಕೂತಿರುತ್ತವೆ.

ಇದಕ್ಕೆ ಮದ್ದು ಫಿಂಗರ್‌ಪ್ರಿಂಟ್, ಅಂದರೆ ತೊಂದರೆಗೊಂದು ಖಾಯಂ ಗುರುತು. ಅಲರ್ಟ್ ಹೆಸರು, ಸರ್ವಿಸ್ ಹೆಸರು ಸೇರಿಸಿದರೆ ಸಾಮಾನ್ಯವಾಗಿ ಸಾಕು. ಅದನ್ನು ಇಶ್ಯೂ ಒಳಗೇ ಬರೆದಿಡಿ. ಹೊಸ ಅಲರ್ಟ್ ಬಂದಾಗ ಸ್ಕ್ರಿಪ್ಟ್ ಮೊದಲು ಆ ಗುರುತಿನ ತೆರೆದ ಇಶ್ಯೂ ಹುಡುಕಲಿ. ಸಿಕ್ಕರೆ ಕಾಮೆಂಟ್ ಹಾಕಲಿ, ಸಿಗದಿದ್ದರೆ ಮಾತ್ರ ಹೊಸದು ತೆರೆಯಲಿ.

ಜನ ಜಾಸ್ತಿ ಎಡವುವುದು ಗುರುತಿನಲ್ಲೇ. ಎರರ್ ಮೆಸೇಜನ್ನು ಸುಮ್ನೆ ಹಾಗೇ ತಗೊಂಡರೆ ‘ಯೂಸರ್ 4821 ಸಿಗಲಿಲ್ಲ’, ‘ಯೂಸರ್ 4822 ಸಿಗಲಿಲ್ಲ’ ಎರಡೂ ಬೇರೆ ಬೇರೆ ಆಗಿಬಿಡುತ್ತವೆ. ಐಡಿ, ಸಮಯ ಇಂಥವನ್ನೆಲ್ಲ ಕಿತ್ತುಹಾಕಿ. ಎರರ್‌ಗಳನ್ನು ಹಿಡಿದು ಗುಂಪು ಮಾಡುವ ಸೆಂಟ್ರಿಯಂಥ ಟೂಲ್‌ಗಳು ಮೆಸೇಜಿಗಿಂತ ಮೊದಲು ಸ್ಟ್ಯಾಕ್ ಟ್ರೇಸ್ ನೋಡುವುದು ಇದಕ್ಕೇ. ಕೋಡ್‌ನ ಯಾವ ಸಾಲುಗಳ ಮೂಲಕ ಎರರ್ ಬಂತು ಅನ್ನುವ ಪಟ್ಟಿಯೇ ಸ್ಟ್ಯಾಕ್ ಟ್ರೇಸ್. ಯೂಸರ್ ಬದಲಾದರೂ ಆ ದಾರಿ ಬದಲಾಗುವುದಿಲ್ಲ.