ರಾತ್ರಿ ಹೊತ್ತು ಕ್ರಾಸ್ ಸ್ಟಿಚ್ ಎಣಿಸಬೇಡಿ

ಒಂದು ಅರ್ಧ ಸ್ವೆಟರ್, ಎರಡು ಕ್ರಾಸ್ ಸ್ಟಿಚ್ ಚಿತ್ರ (ಬಟ್ಟೆಯ ಚೌಕ ಎಣಿಸಿ ಗುಣಾಕಾರ ಚಿಹ್ನೆಯ ಹಾಗೆ ಹಾಕುವ ಹೊಲಿಗೆ), ಅದರಲ್ಲಿ ಒಂದು ಅರ್ಧ ಆಗಿದೆ, ಚಳಿಗಾಲ ಮುಗಿಯುವುದರೊಳಗೆ ಮೂರೂ ಆಗಬೇಕು, ದಿನಾ ಸಂಜೆ ಯಾವುದಕ್ಕೆ ಎಷ್ಟು ಹೊತ್ತು ಕೊಡಲಿ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಸಂಜೆ ಹಣ್ಣು ತೂಗಿ, ಲೆಕ್ಕ ಬರೆದು, ಊಟ ಮುಗಿಸಿ ಕೂರುವಾಗ ಒಂಬತ್ತು ಗಂಟೆ. ಆದರೂ ಅರ್ಧ ಗಂಟೆ ಸ್ವೆಟರ್, ಅರ್ಧ ಗಂಟೆ ಕ್ರಾಸ್ ಸ್ಟಿಚ್ ಅಂತ ಹಟ ಹಿಡಿದು ಟೈಮ್ ಹಾಕಿಕೊಂಡಿದ್ದೆ. ಸ್ವೆಟರ್ ಮಾವನವರಿಗೆ. ಕ್ರಾಸ್ ಸ್ಟಿಚ್ ಹಾಸನದಲ್ಲಿ ಅಕ್ಕ ಕಟ್ಟಿಸುತ್ತಿದ್ದ ಮನೆಗೆ. ಜೋಡಿ ಗಿಳಿ, ಕೊಕ್ಕಿಗೆ ಕೊಕ್ಕು ತಾಗಿರಬೇಕು, ಸುತ್ತ ಕೆಂಪು ಬಳ್ಳಿಯ ಅಂಚು. ಮಾಘದಲ್ಲಿ ಗೃಹಪ್ರವೇಶ.

ನನ್ನ ತಪ್ಪು ಇಷ್ಟೇ: ಬಟ್ಟೆಯ ಮೇಲೆ ಹತ್ತರ ಗೆರೆ ಹಾಕಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಇಡೀ ಚಳಿಗಾಲ ಹೋಗಿದ್ದು ಇದರಲ್ಲೇ. ಮ್ಯಾಟಿ ಬಟ್ಟೆ, ಅಂದರೆ ಚೌಕ ಚೌಕವಾಗಿ ತೂತು ಕಾಣುವ ಹಾಗೆ ನೇಯ್ದದ್ದು, ಇಂಚಿಗೆ 14 ಮನೆಯದು (ಒಂದು ಚೌಕಕ್ಕೆ ಒಂದು ಮನೆ ಅಂತೀವಿ). ಡಿಸೈನ್ 168 ಮನೆ ಅಗಲ, 126 ಮನೆ ಎತ್ತರ. ಅಂದರೆ 12 ಇಂಚಿಗೆ 9 ಇಂಚು. ಡಿಸೈನ್ ಹಾಳೆಯಲ್ಲಿ ಪ್ರತಿ ಹತ್ತು ಮನೆಗೆ ಒಂದು ದಪ್ಪ ಗೆರೆ ಇರುತ್ತದೆ, ಅಲ್ವಾ? ಬಟ್ಟೆಯಲ್ಲಿ ಅದು ಇರುವುದಿಲ್ಲ. ಬೇರೆ ಬಣ್ಣದ ದಾರದಲ್ಲಿ ಉದ್ದುದ್ದ ಓಟದ ಹೊಲಿಗೆ ಹಾಕಿ ನಾವೇ ಮಾಡಿಕೊಳ್ಳಬೇಕು. ನನಗೆ ಅದು ಸುಮ್ನೆ ಒಂದು ಸಂಜೆ ದಂಡ ಅನ್ನಿಸಿತು. ಎಡ ಮೂಲೆಯಿಂದ ನೇರ ಅಂಚು ಶುರು ಮಾಡಿಬಿಟ್ಟೆ.

ಮೇಲಿನ ಸಾಲಿನಲ್ಲೇ ಎಲ್ಲೋ ಒಂದು ಮನೆ ಜಾಸ್ತಿ ಎಣಿಸಿದ್ದೆ. 168ರ ಬದಲು 169. ಬಿಳಿ ಬಟ್ಟೆ, ಹಳದಿ ಬಲ್ಬ್, ದಣಿದ ಕಣ್ಣು. ಅದಕ್ಕಿಂತ ಹೆಚ್ಚಾಗಿ, ಅರ್ಧ ಗಂಟೆ ಆಯಿತು ಅಂತ ಸ್ವೆಟರ್‌ಗೆ ಎದ್ದು ಹೋಗಿ, ಮಾರನೇ ದಿನ ಬಂದು ಎಲ್ಲಿ ಬಿಟ್ಟಿದ್ದೆ ಅಂತ ಹುಡುಕುತ್ತಿದ್ದೆ. ಹಾಗೆ ಹುಡುಕುವಾಗಲೇ ಆ ಒಂದು ಮನೆ ನುಸುಳಿದ್ದು. ಬಲ ಅಂಚು ಇಳಿಯಿತು, ಕೆಳಗಿನದು ಸರಿಯಾಗಿ 168 ಬಂತು, ಎಡ ಅಂಚು ಹತ್ತಿತು. ಮೂರು ಸಾಲಿನ ಅಂಚು, ಹಾಳೆಯ ಪ್ರಕಾರ ಒಟ್ಟು 1,728 ಹೊಲಿಗೆ. ಕೊನೆಗೆ ಬಳ್ಳಿ ಶುರುವಾದ ಮೂಲೆಗೆ ಬಂದರೆ ಒಂದು ಮನೆ ಈಚೆ ನಿಂತಿದೆ. ಅಷ್ಟರಲ್ಲಿ ಬಲಗಡೆ ಗಿಳಿಯನ್ನು ಬಲ ಅಂಚಿನಿಂದ ಎಣಿಸಿ ಮುಗಿಸಿದ್ದೆ. ಎಡಗಡೆಯದನ್ನು ಶುರುವಿನ ಮೂಲೆಯಿಂದ ಎಣಿಸಿದ್ದರಿಂದ ಕೊಕ್ಕುಗಳ ನಡುವೆ ಒಂದು ಮನೆ ಖಾಲಿ.

ಬಿಚ್ಚಲು ಕೂತೆ. ಕೆಂಪು ದಾರ ಕತ್ತರಿಸಿ ಎಳೆದ ಹಾಗೆಲ್ಲ ಅದರ ಜುಂಜು ಬಿಳಿ ಬಟ್ಟೆಯ ತೂತುಗಳಲ್ಲಿ ಉಳಿಯಿತು. ತೊಳೆದರೂ ಹೋಗಲಿಲ್ಲ. ಗೃಹಪ್ರವೇಶಕ್ಕೆ ಅಂಗಡಿಯಿಂದ ಕುಕ್ಕರ್ ತಗೊಂಡು ಹೋದೆ. ಅಕ್ಕ ಏನೂ ಅನ್ನಲಿಲ್ಲ. ಆದರೆ ಹಾಲ್‌ನಲ್ಲಿ ಒಂದು ಗೋಡೆ ಖಾಲಿ ಬಿಟ್ಟು ಮೊಳೆ ಹೊಡೆಸಿ ಇಟ್ಟಿದ್ದಳು. ಅದನ್ನು ನೋಡಿ ತುಂಬಾ ಬೇಜಾರಾಯಿತು.

ನಮ್ಮ ಅತ್ತಿಗೆ ಧಾರವಾಡದವರು, ಕಸೂತಿ ಬಲ್ಲವರು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಮೆಂತೆ ಅಂದರೆ ನಮ್ಮ ಕ್ರಾಸ್ ಸ್ಟಿಚ್ಚೇ. ನನ್ನ ಬಟ್ಟೆ ನೋಡಿ ಅವರು ಹೇಳಿದ್ದು: "ನೋಡವಾ, ಎಳಿ ಎಣಿಸೋ ಕೆಲಸ ಹಗಲಾಗ ಮಾಡಬೇಕು."

ಹಾಗಾಗಿ ಯಾವುದಕ್ಕೆ ಎಷ್ಟು ಹೊತ್ತು ಅನ್ನುವ ಪ್ರಶ್ನೆಯೇ ಬೇಡ ಅಂತೀನಿ. ಯಾವುದಕ್ಕೆ ಯಾವ ಬೆಳಕು ಅಂತ ನೋಡಿ. ಸ್ವೆಟರ್‌ನಲ್ಲಿ ತಪ್ಪಿದರೆ ಕಡ್ಡಿ ತೆಗೆದು ಎಳೆದರಾಯಿತು, ಉಲ್ಲನ್ ಪೂರ್ತಿ ವಾಪಸ್ ಸಿಗುತ್ತದೆ. ಕ್ರಾಸ್ ಸ್ಟಿಚ್ ದಾರ ಕತ್ತರಿಸಿದರೆ ಹೋಯಿತು. ಅದಕ್ಕೇ ರಾತ್ರಿ ಬರೀ ಸ್ವೆಟರ್ ಹಿಡಿಯಿರಿ, ಅದೂ ಸೀದಾ ಉಲ್ಟಾ ಸಾಲುಗಳು ಮಾತ್ರ. ಕುತ್ತಿಗೆ ಇಳಿಸುವುದು, ಕಂಕುಳ ಹತ್ತಿರ ಕುಣಿಕೆ ಕಡಿಮೆ ಮಾಡುವುದು ಹಗಲಿಗಿರಲಿ. ಕ್ರಾಸ್ ಸ್ಟಿಚ್ ಮಧ್ಯಾಹ್ನ ಜಗಲಿಯ ಬಿಸಿಲಲ್ಲಿ. ತೊಡೆ ಮೇಲೆ ಕಪ್ಪು ಬಟ್ಟೆ ಹಾಸಿಕೊಳ್ಳಿ, ತೂತು ಎದ್ದು ಕಾಣುತ್ತದೆ. ಎರಡು ಕ್ರಾಸ್ ಸ್ಟಿಚ್‌ನಲ್ಲಿ ಒಂದನ್ನು ಟ್ರಂಕಿಗೆ ಹಾಕಿ. ಈ ಚಳಿಗಾಲಕ್ಕೆ ಮೂರೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಳಗಿಡುವಾಗ ಬಟ್ಟೆಯಲ್ಲಿ ಸೂಜಿ ಚುಚ್ಚಿ ಬಿಡಬೇಡಿ. ನಮ್ಮ ಕಡೆಯ ತೇವಕ್ಕೆ ತುಕ್ಕಿನ ಕಲೆ ಕೂರುತ್ತದೆ.

ಮುಂದಿನ ವರ್ಷ ಹೊಸ ಬಟ್ಟೆ ತಂದೆ. ಒಂದು ಮಧ್ಯಾಹ್ನ ನೀಲಿ ದಾರದಲ್ಲಿ ಹತ್ತರ ಗೆರೆ ಹಾಕಿದೆ. ಮೂಲೆ ಬಿಟ್ಟು ನಡುವಿನಿಂದ, ಅಂದರೆ ಕೊಕ್ಕಿನಿಂದಲೇ ಶುರು ಮಾಡಿದೆ. ಅದು ಈಗ ಅಕ್ಕನ ಮನೆಯ ಆ ಮೊಳೆಗೇ ತೂಗುತ್ತಿದೆ.

ನಿಮ್ಮ ಕ್ರಾಸ್ ಸ್ಟಿಚ್‌ನಲ್ಲಿ ಒಂದು ಆಗಲೇ ಅರ್ಧ ಆಗಿದೆ ಅಂದಿರಿ. ಇವತ್ತು ರಾತ್ರಿ ಅದನ್ನು ಮುಟ್ಟಬೇಡಿ. ನಾಳೆ ಬಿಸಿಲು ಬಂದ ಮೇಲೆ ಹೊಲಿದಿರುವ ಭಾಗಕ್ಕೂ ಹತ್ತರ ಗೆರೆ ಎಳೆದು, ಹಾಳೆ ಪಕ್ಕದಲ್ಲಿಟ್ಟು ಒಂದೊಂದು ಗೆರೆಯನ್ನೂ ತಾಳೆ ನೋಡಿ. ತಪ್ಪು ಇದ್ದರೆ ಇಲ್ಲಿ ಬರೆಯಿರಿ, ಎಲ್ಲಿಯವರೆಗೆ ಬಿಚ್ಚಬೇಕು ಅಂತ ಹೇಳುತ್ತೇನೆ.